ಇಡ್ಲಿ, ಮೊಸರು ಬಿಟ್ಟರೂ ಮರಳುತ್ತಿರುವ ಯೀಸ್ಟ್ ಸೋಂಕು

ಪ್ರಶ್ನೆ (ಗೃಹಿಣಿ, 38 ವರ್ಷ, ತುಮಕೂರು):
ಡಾಕ್ಟರ್ ಮೇಡಂ, ಒಂದು ವರ್ಷದಲ್ಲಿ ಇದು ನಾಲ್ಕನೆಯ ಸಲ. ಕುಳಿತಲ್ಲಿ ಕೂರಲಾಗದ ತುರಿಕೆ, ಒಡೆದ ಹಾಲಿನಂಥ ಬಿಳಿ ಸ್ರಾವ, ಮೂತ್ರಕ್ಕೆ ಹೋದರೆ ಉರಿ. ಪ್ರತಿ ಸಲವೂ ಔಷಧ ಅಂಗಡಿಯಲ್ಲಿ ಕೇಳಿ ಒಂದು ಮಾತ್ರೆ ತಂದು ನುಂಗುತ್ತೇನೆ, ಕಡಿಮೆಯಾಗುತ್ತದೆ, ಮತ್ತೆ ಬರುತ್ತದೆ. ಮೈ ಉಷ್ಣವಾಗಿದೆ ಎಂದು ಅತ್ತೆಯವರು ಬಾರ್ಲಿ ನೀರು ಕೊಡುತ್ತಿದ್ದಾರೆ. ಯೀಸ್ಟ್ ಇರುವ ಆಹಾರ ಬಿಟ್ಟರೆ ಗುಣವಾಗುತ್ತದೆ ಎಂದು ಮೊಬೈಲಿನಲ್ಲಿ ಓದಿ ಇಡ್ಲಿ, ದೋಸೆ, ಬ್ರೆಡ್, ಮೊಸರು, ಹಣ್ಣು ಎಲ್ಲವನ್ನೂ ಬಿಟ್ಟೆ. ಎರಡು ತಿಂಗಳಲ್ಲಿ ನಾಲ್ಕು ಕಿಲೋ ಇಳಿದಿದ್ದೇನೆ. ಸೋಂಕು ಮಾತ್ರ ಹೋಗಿಲ್ಲ. ಇನ್ನು ಏನನ್ನು ಬಿಡಬೇಕು?

ಉತ್ತರ (ಸ್ತ್ರೀರೋಗ ತಜ್ಞೆ):
ಇನ್ನೇನನ್ನೂ ಬಿಡಬೇಡಿ. ಬಿಟ್ಟ ಇಡ್ಲಿಯನ್ನು ನಾಳೆಯಿಂದಲೇ ತಿನ್ನಿ.

ಬ್ರೆಡ್ ಉಬ್ಬಿಸುವ ಯೀಸ್ಟ್ ಬೇರೆ, ನಿಮ್ಮನ್ನು ಕಾಡುತ್ತಿರುವ ಕ್ಯಾಂಡಿಡಾ ಎಂಬ ಯೀಸ್ಟ್ ಬೇರೆ. ಇಡ್ಲಿ ಹಿಟ್ಟು ಹುದುಗುವುದಂತೂ ಮುಖ್ಯವಾಗಿ ಬ್ಯಾಕ್ಟೀರಿಯಾಗಳಿಂದ. ಹಬೆಯಲ್ಲಿ ಬೆಂದ ಇಡ್ಲಿಯಿಂದ ಯಾವ ಯೀಸ್ಟೂ ನಿಮ್ಮ ಮೈಸೇರುವುದಿಲ್ಲ. ಕ್ಯಾಂಡಿಡಾ ಹೊರಗಿನಿಂದ ಬಂದ ಶತ್ರುವೂ ಅಲ್ಲ. ಆರೋಗ್ಯವಂತರ ಬಾಯಿ, ಕರುಳು, ಯೋನಿಯಲ್ಲಿಯೂ ತಣ್ಣಗೆ ಇರುತ್ತದೆ. ಅಲ್ಲಿನ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾಗಳು ಆಮ್ಲ ತಯಾರಿಸಿ ಇತರ ಸೂಕ್ಷ್ಮಜೀವಿಗಳನ್ನು ಹದ್ದುಬಸ್ತಿನಲ್ಲಿಡುತ್ತವೆ. ನೆಗಡಿಗೆಂದು ಅನಗತ್ಯವಾಗಿ ಆ್ಯಂಟಿಬಯೋಟಿಕ್ ನುಂಗಿದಾಗ ಆ ಕಾವಲೇ ಸಾಯುತ್ತದೆ. ಗರ್ಭ, ಸ್ಟೀರಾಯ್ಡ್, ಸಕ್ಕರೆ ಕಾಯಿಲೆ ಇದ್ದಾಗಲೂ ಕ್ಯಾಂಡಿಡಾ ಹೆಚ್ಚುತ್ತದೆ.

ಮೊಸರು ತಿನ್ನಿ, ಒಳ್ಳೆಯ ಆಹಾರ. ಆದರೆ ಅದನ್ನೇ ಔಷಧವೆಂದು ನಂಬಬೇಡಿ. ಆ್ಯಂಟಿಬಯೋಟಿಕ್ ಪಡೆಯುತ್ತಿದ್ದ ಮಹಿಳೆಯರಿಗೆ ಲ್ಯಾಕ್ಟೋಬ್ಯಾಸಿಲಸ್ ಕೊಟ್ಟು ನೋಡಿದ ಆಸ್ಟ್ರೇಲಿಯಾದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಅದರಿಂದ ಸೋಂಕು ತಪ್ಪಲಿಲ್ಲ. ಮೊಸರನ್ನೋ ಬೆಳ್ಳುಳ್ಳಿಯನ್ನೋ ಒಳಗೆ ಇಟ್ಟುಕೊಳ್ಳುವ ಪ್ರಯೋಗವನ್ನು ದಯವಿಟ್ಟು ಮಾಡಬೇಡಿ. ಬೆಳ್ಳುಳ್ಳಿಯಿಂದ ಚರ್ಮ ಸುಟ್ಟು ಹುಣ್ಣಾಗುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ನಾಲ್ಕು ಕಿಲೋ. ಊಟ ಕಡಿಮೆಯಾದದ್ದರಿಂದ ಇಳಿದಿರಬಹುದು, ಸಕ್ಕರೆ ಕಾಯಿಲೆಯಿಂದಲೂ ಇಳಿದಿರಬಹುದು. ರಕ್ತದಲ್ಲಿ ಸಕ್ಕರೆ ಏರಿದರೆ ಕ್ಯಾಂಡಿಡಾಕ್ಕೆ ಹಬ್ಬ, ಅದನ್ನು ಎದುರಿಸುವ ಬಿಳಿ ರಕ್ತಕಣಗಳಿಗೆ ಸೋಲು. ರಾತ್ರಿ ಮೂತ್ರಕ್ಕೆ ಏಳುತ್ತೀರಾ? ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯೇ? ಏನೇ ಇರಲಿ, ಈ ವಾರವೇ ಖಾಲಿ ಹೊಟ್ಟೆಯ ಸಕ್ಕರೆ ಮತ್ತು ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಮಾಡಿಸಿ.

ಇನ್ನೊಂದು ಮಾತು. ನಾಲ್ಕು ಸಲವೂ ಯಾರೂ ಪರೀಕ್ಷಿಸಿ ನೋಡಿಲ್ಲ. ಎಲ್ಲ ಬಿಳಿ ಸ್ರಾವವೂ ಯೀಸ್ಟ್ ಅಲ್ಲ. ಯೀಸ್ಟೇ ಆಗಿದ್ದರೂ ಕ್ಯಾಂಡಿಡಾ ಗ್ಲಾಬ್ರಾಟಾ ಎಂಬ ಬಗೆ ನೀವು ಅಂಗಡಿಯಿಂದ ತಂದು ನುಂಗುವ ಆ ಒಂದು ಮಾತ್ರೆಗೆ, ಬಹುಶಃ ಅದು ಫ್ಲುಕೊನಜೋಲ್, ಸುಲಭವಾಗಿ ಬಗ್ಗುವುದಿಲ್ಲ. ಸ್ರಾವದ ಮಾದರಿ ಕೊಟ್ಟು ಕಲ್ಚರ್ (ಅದರಲ್ಲಿರುವ ಸೂಕ್ಷ್ಮಜೀವಿಯನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ಮಾಡಿಸಲೇಬೇಕು.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯೆ):
ನಮ್ಮ ಅತ್ತೆಗೆ 62 ವರ್ಷ. ಸಕ್ಕರೆ ಕಾಯಿಲೆಗೆ ಡಪಾಗ್ಲಿಫ್ಲೋಜಿನ್ ಎಂಬ ಹೊಸ ಮಾತ್ರೆ ಶುರುವಾದ ಮೇಲೆ ಇದೇ ತುರಿಕೆ. ಸಿಹಿ ಮುಟ್ಟುವವರೇ ಅಲ್ಲ.

ಉತ್ತರ:
ಆ ಮಾತ್ರೆ ಸಕ್ಕರೆಯನ್ನು ಮೂತ್ರದ ಮೂಲಕ ಹೊರಗೆ ಕಳಿಸಿಯೇ ಕೆಲಸ ಮಾಡುತ್ತದೆ. ಆ ಭಾಗದಲ್ಲಿ ಸಕ್ಕರೆ ಉಳಿಯುವುದರಿಂದ ಯೀಸ್ಟ್ ಸೋಂಕು ಅದರ ಪರಿಚಿತ ಅಡ್ಡಪರಿಣಾಮ. ಅವರ ಪಥ್ಯದಲ್ಲಿ ತಪ್ಪಿಲ್ಲ ಎಂದು ಅವರಿಗೆ ಮೊದಲು ಹೇಳಿ, ಪಾಪ, ತಮ್ಮನ್ನೇ ದೂರಿಕೊಳ್ಳುತ್ತಿರಬಹುದು. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟ ವೈದ್ಯರಿಗೆ ತಿಳಿಸಿ. ಮೂತ್ರಕ್ಕೆ ಹೋದಾಗಲೆಲ್ಲ ಬರಿಯ ನೀರಿನಿಂದ ತೊಳೆದು ಒರೆಸಿಕೊಳ್ಳಲಿ, ಸೋಪು ಬೇಡ.

ಪ್ರಶ್ನೆ (ಮೈಸೂರಿನ ಸದಸ್ಯೆ):
ನನಗೆ ಏಳು ತಿಂಗಳು. ಯೀಸ್ಟ್ ಸೋಂಕಿಗೆ ನುಂಗುವ ಆ ಒಂದು ಫ್ಲುಕೊನಜೋಲ್ ಮಾತ್ರೆ ನಾನೂ ನುಂಗಬಹುದೇ?

ಉತ್ತರ:
ಬೇಡ. ಗರ್ಭಿಣಿಯರಿಗೆ ಸಾಮಾನ್ಯವಾಗಿ ಏಳು ದಿನ ಕ್ಲೋಟ್ರಿಮಜೋಲ್ ಕ್ರೀಮ್ ಅಥವಾ ಒಳಗಿಡುವ ಮಾತ್ರೆ ಕೊಡುತ್ತೇವೆ. ನಿಮ್ಮ ವೈದ್ಯರಿಗೆ ತೋರಿಸಿಯೇ ತೆಗೆದುಕೊಳ್ಳಿ.

ತುಮಕೂರಿನ ಸದಸ್ಯೆ, ಒಂಬತ್ತು ದಿನಗಳ ಬಳಿಕ:
ಮೇಡಂ, ಎಚ್‌ಬಿಎ1ಸಿ 7.8 ಬಂದಿದೆ. ಅಮ್ಮನಿಗೂ ಸಕ್ಕರೆ ಕಾಯಿಲೆ ಇತ್ತು. ಕಲ್ಚರ್‌ನಲ್ಲಿ ಕ್ಯಾಂಡಿಡಾ ಆಲ್ಬಿಕನ್ಸ್. ಭಯವಾಗುತ್ತಿದೆ. ಇಡ್ಲಿ ತಿನ್ನಿ ಎಂದಿರಿ, ಈಗಲೂ ತಿನ್ನಬಹುದೇ?

ಉತ್ತರ:
ಭಯಪಡಬೇಡಿ, ಕಾರಣ ಸಿಕ್ಕಿತು. ಎಚ್‌ಬಿಎ1ಸಿ 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ ಎಂದೇ ಲೆಕ್ಕ. ಈಗ ಫಿಸಿಷಿಯನ್ ಬಳಿ ಹೋಗಿ ಚಿಕಿತ್ಸೆ ಶುರು ಮಾಡಿ. ನಿಮ್ಮ ವಿಷಯದಲ್ಲಿ ಆಹಾರ ನಿಜವಾಗಿಯೂ ಕೆಲಸಕ್ಕೆ ಬರುವುದು ಇಲ್ಲಿಯೇ. ಇಡ್ಲಿ ತಿನ್ನಬಹುದು, ನಾಲ್ಕರ ಬದಲು ಎರಡು, ಜೊತೆಗೆ ಬಟ್ಟಲು ತುಂಬ ತರಕಾರಿ ಸಾಂಬಾರು. ಮಧ್ಯಾಹ್ನ ಅನ್ನ ಕಡಿಮೆ ಮಾಡಿ ಪಲ್ಯ, ಕಾಳು ಹೆಚ್ಚಿಸಿ. ಮುದ್ದೆಯಾದರೂ ಗಾತ್ರ ಚಿಕ್ಕದಿರಲಿ, ರಾಗಿಯಿಂದಲೂ ಸಕ್ಕರೆ ಏರುತ್ತದೆ. ಕಾಫಿಗೆ ಸಕ್ಕರೆಯ ಬದಲು ಬೆಲ್ಲ ಹಾಕಿದರೆ ಏನೂ ಲಾಭವಿಲ್ಲ. ಸೀಬೆ, ಪಪ್ಪಾಯಿಯನ್ನು ಹಣ್ಣಾಗಿಯೇ ತಿನ್ನಿ, ರಸ ಮಾಡಬೇಡಿ.

ಸೋಂಕಿಗೆ ಔಷಧ ಬೇಕೇ ಬೇಕು. ನಿಮ್ಮಲ್ಲಿ ಸಿಕ್ಕ ಆಲ್ಬಿಕನ್ಸ್ ಗ್ಲಾಬ್ರಾಟಾ ಅಲ್ಲ, ಕ್ಯಾಂಡಿಡಾದ ಸಾಮಾನ್ಯ ಬಗೆ. ಅದು ಮರುಕಳಿಸುತ್ತಿದ್ದರೆ ಫ್ಲುಕೊನಜೋಲನ್ನು ಮೂರು ದಿನಗಳ ಅಂತರದಲ್ಲಿ ಮೂರು ಸಲ, ಅನಂತರ ಆರು ತಿಂಗಳು ವಾರಕ್ಕೊಂದರಂತೆ ಕೊಡುವುದು ರೂಢಿ. ನಿಮಗೆ ಅದು ಹೊಂದುತ್ತದೆಯೇ, ಈಗ ನುಂಗುವ ಬೇರೆ ಮಾತ್ರೆಗಳ ಜೊತೆ ಸರಿಬರುತ್ತದೆಯೇ ಎಂದು ಪರೀಕ್ಷಿಸಿಯೇ ಬರೆಯಬೇಕು. ಎರಡೂ ವರದಿಗಳನ್ನು ಹಿಡಿದು ನಿಮ್ಮೂರಿನ ಸ್ತ್ರೀರೋಗ ತಜ್ಞರನ್ನು ಕಾಣಿ. ಬಾರ್ಲಿ ನೀರು ಕುಡಿಯುವುದಾದರೆ ಸಕ್ಕರೆ ಹಾಕದೆ ಕೊಡಲು ಅತ್ತೆಯವರಿಗೆ ಹೇಳಿ.