ಪದ ಬೇಕು (ಇಂದೇ): ಪ್ರೊಕುದಿನ್-ಗೋರ್ಸ್ಕಿಯವರ ಮೂರು ನೆಗೆಟಿವ್‌ಗಳಿಗೆ ಏನೆನ್ನೋಣ?

ನಮಸ್ಕಾರ. ಪ್ರದರ್ಶನವೊಂದರ ಚಿತ್ರವಿವರಗಳನ್ನು ಅನುವಾದಿಸುತ್ತಿದ್ದೇನೆ, ಸಂಜೆ ಅಚ್ಚಿಗೆ ಹೋಗಬೇಕು. ರಷ್ಯಾದ ಛಾಯಾಗ್ರಾಹಕ ಸೆರ್ಗೈ ಪ್ರೊಕುದಿನ್-ಗೋರ್ಸ್ಕಿ (1863–1944) ಉದ್ದನೆಯ ಗಾಜಿನ ಫಲಕವೊಂದರ ಮೇಲೆ ನೀಲಿ, ಹಸಿರು, ಕೆಂಪು ಫಿಲ್ಟರ್‌ಗಳ ಮೂಲಕ ಒಂದರ ಬೆನ್ನಿಗೊಂದು ಮೂರು ಚಿತ್ರ ತೆಗೆಯುತ್ತಿದ್ದರು. ಆ ಮೂರಕ್ಕೆ ಹೆಸರೇನು? ‘ವರ್ಣವಿಭಜಿತ ಋಣಬಿಂಬ’ ಎಂದು ಬರೆದೆ, ಬ್ಯಾಂಕಿನ ನೋಟಿಸಿನಂತಾಯಿತು. ‘ಬಣ್ಣದ ನೆಗೆಟಿವ್’ ಸಾಲದೇ?

ಉತ್ತರ 1:
ಸಾಲದು. ಆ ಗಾಜಿನಲ್ಲಿ ಬಣ್ಣವೇ ಇಲ್ಲ, ಮೂರೂ ಕಪ್ಪು-ಬಿಳುಪು. 1911ರ ಬುಖಾರಾದ ಅಮೀರ ಆಲಿಂ ಖಾನ್ ಚಿತ್ರ ನೋಡಿ: ಆತನ ನೀಲಿ ನಿಲುವಂಗಿ ನೀಲಿ ಫಿಲ್ಟರಿನ ನೆಗೆಟಿವಿನಲ್ಲಿ ದಟ್ಟ, ಕೆಂಪಿನದರಲ್ಲಿ ತೆಳು (ಬೆಳಕು ಹೆಚ್ಚು ಬಿದ್ದಷ್ಟೂ ನೆಗೆಟಿವ್ ಕಪ್ಪಾಗುತ್ತದಲ್ಲ). ವ್ಯತ್ಯಾಸ ಅಷ್ಟೇ. ಮೂರರ ಪಾಸಿಟಿವ್‌ಗಳನ್ನು (ನೆರಳು-ಬೆಳಕು ಮತ್ತೆ ನೇರವಾದ ಪ್ರತಿಗಳನ್ನು) ಆಯಾ ಬಣ್ಣದ ಬೆಳಕಿನಲ್ಲಿ ಪರದೆಯ ಮೇಲೆ ಒಂದಾಗಿ ಬೀಳಿಸಿದಾಗಲೇ ಬಣ್ಣ ಕಾಣುವುದು. ‘ಬಣ್ಣ ಬಿಡಿಸಿದ ನೆಗೆಟಿವ್’ ಎನ್ನಿ. ಫಿಲ್ಟರಿಗೆ ‘ಸೋಸುಕ’.

ಉತ್ತರ 2:
ಬಿಡಿಸಿದ್ದು ಎಂದರೆ ಕುಂಚದಲ್ಲೋ, ಒಗೆದೋ? ‘ಸೋಸುಕ’ವಂತೂ ಅರಿಸಮಾಸಕ್ಕಿಂತ ಕಡೆ, ಕನ್ನಡ ಧಾತುವಿಗೆ ಸಂಸ್ಕೃತ ಪ್ರತ್ಯಯ. ‘ವರ್ಣಶೋಧಕ’ ಇರುವಾಗ ಈ ಹಟವೇಕೆ?

ಉತ್ತರ 1:
ಕುಡುಕ, ತಿರುಕ ಯಾವ ಸಂಸ್ಕೃತ ಸ್ವಾಮಿ?

ಉತ್ತರ 3:
ಅವರಿಬ್ಬರೂ ಮನುಷ್ಯರು. ಸಾಧನಕ್ಕೆ ‘ಅಣಿಗೆ’ ಹತ್ತಬೇಕು: ಬಾಚಣಿಗೆ, ಸೋಸಣಿಗೆ. ಇರಲಿ, ಕೇಳಿದ್ದು ಅದಲ್ಲ. ಒಂದೊಂದು ಬಣ್ಣದ ಪಾಲು ಒಂದೊಂದು ಚಿತ್ರದಲ್ಲಿ ದಾಖಲಾಗಿದೆ ಎಂಬುದು ಹೆಸರಲ್ಲಿ ಬರಬೇಕು. ‘ಬಣ್ಣವಾರು ನೆಗೆಟಿವ್’.

ಉತ್ತರ 2:
‘ವಾರು’ ಪಾರಸಿ.

ಉತ್ತರ 3:
ಇರಬಹುದು. ‘ಜಿಲ್ಲಾವಾರು’ ಬರೆಯುವಾಗ ಕೈ ನಡುಗುವುದಿಲ್ಲವಲ್ಲ! ಪ್ರೊಕುದಿನ್-ಗೋರ್ಸ್ಕಿ ಈ ವಿಧಾನವನ್ನು ಕಲಿತದ್ದು ಬರ್ಲಿನ್‌ನ ಅಡಾಲ್ಫ್ ಮೀಟೆ ಅವರಿಂದ. ಅದರ ಮೂಲತತ್ತ್ವವನ್ನು 1861ರಲ್ಲೇ ತೋರಿಸಿದವರು ಸ್ಕಾಟ್ಲೆಂಡಿನ ಮ್ಯಾಕ್ಸ್‌ವೆಲ್. ಜರ್ಮನಿಯ ವಿದ್ಯೆಯೆಂದು 1908ರಲ್ಲಿ ಟಾಲ್‌ಸ್ಟಾಯ್ ಕ್ಯಾಮೆರಾ ಮುಂದಿನಿಂದ ಎದ್ದು ಹೋಗಲಿಲ್ಲ, ಝಾರ್ ನಿಕೊಲಾಸ್ ಡಾರ್ಕ್‌ರೂಮ್ ಇರುವ ರೈಲು ಬೋಗಿ ಕೊಡದೆ ಇರಲಿಲ್ಲ. ಕನ್ನಡಕ್ಕೆ ಮಾತ್ರ ಈ ಮಡಿ.

ಉತ್ತರ 2:
ತಾಂತ್ರಿಕ ವಿಧಾನ ಬೇರೆ, ಭಾಷೆ ಬೇರೆ. ಹೀಗೇ ಬಾಗಿಲು ತೆರೆದಿಟ್ಟರೆ ಪಾರಿಭಾಷಿಕ ಕೋಶ ಯಾಕೆ ಬೇಕು?

ಕೇಳಿದವರು:
‘ಬಣ್ಣವಾರು ನೆಗೆಟಿವ್’ ಹಾಕಿದೆ. ಫಿಲ್ಟರನ್ನು ಫಿಲ್ಟರಾಗಿಯೇ ಬಿಟ್ಟಿದ್ದೇನೆ, ಬೈಯಬೇಡಿ. ಇನ್ನೊಂದಿದೆ: ಮೂರು ಚಿತ್ರಗಳ ನಡುವೆ ನೀರು ಹರಿದುಬಿಟ್ಟದ್ದರಿಂದ ಅವರ ನದಿಚಿತ್ರಗಳಲ್ಲಿ ಅಲೆಗಳ ಅಂಚಿಗೆ ಕೆಂಪು, ಹಸಿರು ಗೆರೆಗಳು ಮೂಡಿವೆ. ಅದಕ್ಕೆ?

ಉತ್ತರ 1:
ಬಣ್ಣದಂಚು.

ಉತ್ತರ 2:
ಸೀರೆಯದೇ?