‘ಔಷಧ ನಿರೋಧಕ ಕ್ಷಯ’: ಯಾರು ಯಾರನ್ನು ತಡೆಯುತ್ತಿದ್ದಾರೆ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ನಿಮ್ಮನ್ನು ಕೇಳಬೇಕಿತ್ತು. ಪದ ಹೊಸದೇನಲ್ಲ, ಪೇಪರಿನಲ್ಲಿ ಆಗಾಗ ಬರುವಂಥದ್ದೇ: ‘ನಿರೋಧಕ’. ಇಲ್ಲಿ ಪುಣೆಯ ಹಿಂಜವಡಿ, ವಾಕಡ್ ಕಡೆ ಕಟ್ಟಡ ಕೆಲಸಕ್ಕೆ ಬಂದಿರುವ ಕಲಬುರಗಿ, ಯಾದಗಿರಿ ಮಂದಿಗಾಗಿ ಕ್ಷಯದ ಬಗ್ಗೆ ಒಂದು ಕರಪತ್ರ ತಯಾರಾಗುತ್ತಿದೆ. ಓದಲು ಬಾರದವರಿಗೆ ಫೋನಿನಲ್ಲಿ ಕಳಿಸಲು ಒಂದು ಆಡಿಯೊ ಕೂಡ. ಕನ್ನಡದ ಕೆಲಸ ನನ್ನ ಪಾಲಿಗೆ ಬಂದಿದೆ. ಮರಾಠಿ ಕರಪತ್ರ ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಾ ಹೋದೆ. ಕೆಮ್ಮು, ಜ್ವರ, ಕಫದ ಪರೀಕ್ಷೆ ಎಲ್ಲ ಸಲೀಸಾಗಿ ಬಂತು. ಎಂಡಿಆರ್ ಟಿಬಿ ಹತ್ತಿರ ಬಂದಾಗ ಕೈ ನಿಂತಿತು.

ನಮ್ಮ ಪತ್ರಿಕೆಗಳು ಇದಕ್ಕೆ ‘ಬಹು ಔಷಧ ನಿರೋಧಕ ಕ್ಷಯ’ ಅಂತ ಬರೆಯುತ್ತವೆ. ವ್ಯಾಕರಣದ ಲೆಕ್ಕದಲ್ಲಿ ಸರಿ. ಹಲವು ಔಷಧಗಳನ್ನು ತಡೆದು ನಿಲ್ಲುವ ಕ್ಷಯ. ಆದರೆ ಓದಿ ಹೇಳಿದಾಗ ಕೇಳುವವರಿಗೆ ತಿಳಿಯುವುದೇ ಬೇರೆ.

ನಿರೋಧಕ ಎಲ್ಲೆಲ್ಲಿ ಬರುತ್ತದೆ ನೋಡಿ. ರೋಗನಿರೋಧಕ ಶಕ್ತಿ, ಕೋವಿಡ್ ಕಾಲದಲ್ಲಿ ಕಷಾಯ ಕುಡಿದು ಕುಡಿದು ಹಳ್ಳಿಹಳ್ಳಿಗೂ ಗೊತ್ತಾದ ಮಾತು. ರೋಗನಿರೋಧಕ ತಳಿ, ರೈತರಿಗೆ ಚೆನ್ನಾಗಿ ಪರಿಚಯ. ಗರ್ಭನಿರೋಧಕ ಗುಳಿಗೆ. 1968ರಲ್ಲಿ ಸರಕಾರ ತಂದ ‘ನಿರೋಧ್’ ಬೇರೆ ಇದೆ. ಎಲ್ಲ ಕಡೆಯೂ ತಡೆಯುವುದು ನಮ್ಮ ಪರವಾಗಿ, ನಮ್ಮ ಒಳ್ಳೆಯದಕ್ಕೆ. ಇದೊಂದು ಕಡೆ ಮಾತ್ರ ತಡೆಯುವುದು ವೈರಿ. ಆದರೂ ಪದ ಅದೇ.

ಕರಡನ್ನು ಒಂದು ಸಂಜೆ ಪತ್ರಾ ಶೆಡ್ಡುಗಳ ಹತ್ತಿರ ಓದಿ ಹೇಳಿದೆವು. ರೊಟ್ಟಿ ಬಡಿಯುತ್ತಿದ್ದ ಒಬ್ಬ ತಂಗಿ ಕೈ ನಿಲ್ಲಿಸದೆ ಕೇಳಿದಳು: ‘ನಿರೋಧಕ ಗುಳಿಗಿ ಅಂದ್ರ ಮಕ್ಕಳಾಗದಂಗ ತಗೋಳೋದಲ್ಲೇನ್ರಿ? ಟಿಬಿಗಿ ಅದ್ಯಾಕ?’ ಪಕ್ಕದಲ್ಲಿ ಕೂತಿದ್ದ ಗೌಂಡಿ ಕಾಕಾ ಇನ್ನೊಂದು ಮಾತು ಹೇಳಿದರು: ‘ನಿರೋಧಕ ಬಂದದ ಅಂದ್ರ ಚಲೋನೇ ಆತಲ್ಲ. ಮೈಯಾಗ ಶಕ್ತಿ ಬಂದಂಗ.’ ಇಬ್ಬರದೂ ತಪ್ಪಲ್ಲ. ಪದ ಅವರಿಗೆ ಹೇಳಿದ್ದೇ ಅದನ್ನು.

ಇದು ಬರೀ ಕನ್ನಡದ ತೊಂದರೆ ಅಂದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ 12 ದೇಶಗಳಲ್ಲಿ ಜನರನ್ನು ಕೇಳಿ ನೋಡಿತ್ತು. ಭಾರತವೂ ಅದರಲ್ಲಿತ್ತು. ಆಂಟಿಬಯಾಟಿಕ್ ರೆಸಿಸ್ಟೆನ್ಸ್ ಅಂದರೆ ನಮ್ಮ ಮೈ ಔಷಧಕ್ಕೆ ರೆಸಿಸ್ಟೆಂಟ್ ಆಗುವುದು ಅಂತ ನಂಬಿದವರು ನೂರಕ್ಕೆ 76 ಮಂದಿ! ಆಗುವುದು ಮೈಗಲ್ಲ, ರೋಗಾಣುವಿಗೆ. ಈ ತಪ್ಪು ತಿಳಿವಳಿಕೆಯಿಂದ ಆಗುವ ಅನಾಹುತವೂ ಸಣ್ಣದಲ್ಲ. ‘ನಾನೇನು ಪದೇ ಪದೇ ಗುಳಿಗೆ ನುಂಗಿದವನಲ್ಲ, ನನಗೆ ಬರಲ್ಲ’ ಅಂತ ಸುಮ್ನೆ ಇದ್ದುಬಿಡುತ್ತಾರೆ. ಬಗ್ಗದ ರೋಗಾಣು ಗಾಳಿಯಲ್ಲಿ ಒಬ್ಬರಿಂದ ಒಬ್ಬರಿಗೆ ನೇರವಾಗಿ ಹರಡುತ್ತದೆ. ಜೀವನದಲ್ಲಿ ಒಂದು ಟಿಬಿ ಗುಳಿಗೆಯನ್ನೂ ಮುಟ್ಟದವರಿಗೂ ಎಂಡಿಆರ್ ಬರಬಹುದು.

ನೋಡಿ, ಮಾತಿನ ಭರದಲ್ಲಿ ‘ಬಗ್ಗದ’ ಅಂತ ಬರೆದೇಬಿಟ್ಟೆ. ಅದಕ್ಕೇ ಬರುತ್ತೇನೆ.

ಮರಾಠಿಯವರು ಇಲ್ಲಿ ಜಾಣರು. ಅವರ ಪೇಪರುಗಳಲ್ಲಿ ‘ಔಷಧಾಂನಾ ದಾದ್ ನ ದೇಣಾರಾ ಕ್ಷಯರೋಗ’ ಅಂತ ಬರುತ್ತದೆ. ಔಷಧಕ್ಕೆ ಕ್ಯಾರೇ ಅನ್ನದ ಕ್ಷಯ. ಎಂಥ ಚಂದದ ಮಾತು! ಯಾರು ಯಾರ ಮಾತು ಕೇಳುತ್ತಿಲ್ಲ ಅನ್ನುವುದು ಕೇಳಿದ ಕೂಡಲೇ ಗೊತ್ತಾಗುತ್ತದೆ. ಕನ್ನಡದಲ್ಲಿ ಇದಕ್ಕೆ ಸರಿಯಾದ ಜೋಡಿ ‘ಔಷಧಕ್ಕೆ ಸೊಪ್ಪು ಹಾಕದ ಕ್ಷಯ’. ಹೇಳಿ ನಾನೇ ನಕ್ಕುಬಿಟ್ಟೆ. ಔಷಧದ ಕರಪತ್ರದಲ್ಲಿ ಸೊಪ್ಪು ಅಂದರೆ ಯಾವ ಸೊಪ್ಪು, ಅರೆದು ಹಚ್ಚಬೇಕಾ, ಕುಡೀಬೇಕಾ ಅಂತ ಶುರುವಾಗುತ್ತದೆ. ಅದು ಹೋಯಿತು.

ಹಿಂದಿಯಲ್ಲಿ ‘ಬಿಗಡೀ ಹುಯೀ ಟಿಬಿ’ ಅನ್ನುತ್ತಾರೆ. ಅದನ್ನು ಹಿಡಿದು ‘ಕೆಟ್ಟ ಟಿಬಿ’ ಅಂತ ಮಾಡಬಹುದು ಅಂತ ಒಬ್ಬರು ಸೂಚಿಸಿದರು. ನನಗೆ ಒಪ್ಪಿಗೆಯಾಗಲಿಲ್ಲ. ಕೆಡುವುದು ಅಂದ ಕೂಡಲೇ ಯಾರೋ ಕೆಡಿಸಿರಬೇಕು ಅಲ್ವಾ? ಬೆರಳು ತಕ್ಷಣ ರೋಗಿಯ ಕಡೆ ತಿರುಗುತ್ತದೆ: ನೀನು ಗುಳಿಗೆ ಬಿಟ್ಟೆ, ನೀನು ಕುಡಿದೆ. ಮೇಲೆ ಹೇಳಿದ ಹಾಗೆ, ಎಷ್ಟೋ ಮಂದಿಗೆ ಇದು ಬೇರೆಯವರಿಂದ ತಗುಲಿದ್ದು. ಸೊಸೆಗೆ ಬಂದರೆ ಅತ್ತೆ ಮನೆಯಲ್ಲಿ ಈ ಒಂದು ಪದ ಎಷ್ಟು ಕೆಲಸ ಮಾಡುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಪದ ಆರಿಸುವ ಮೊದಲು ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ನೋಡೋಣ. ಟಿಬಿ ರೋಗಾಣು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುವಾಗ ಅಪರೂಪಕ್ಕೆ ಅದರ ಜೀನ್‌ನಲ್ಲಿ ಒಂದು ಅಕ್ಷರ ಬದಲಾಗುತ್ತದೆ. ಔಷಧ ಕೊಟ್ಟಿದ್ದಕ್ಕೆ ಆಗುವುದಲ್ಲ ಅದು, ತನ್ನಷ್ಟಕ್ಕೆ ಆಗುವುದು. ಟಿಬಿಗೆ ಕೊಡುವ ಮುಖ್ಯ ಔಷಧಗಳು ಐಸೋನಿಯಾಜಿಡ್ ಮತ್ತು ರಿಫಾಂಪಿಸಿನ್. ಐಸೋನಿಯಾಜಿಡ್ ತಾಕದಂಥ ರೋಗಾಣು ಸುಮಾರು 10 ಲಕ್ಷಕ್ಕೆ ಒಂದು ಇರುತ್ತದೆ. ರಿಫಾಂಪಿಸಿನ್ ತಾಕದ್ದು ಇನ್ನೂ ಅಪರೂಪ, ಸುಮಾರು 10 ಕೋಟಿಗೆ ಒಂದು. ಶ್ವಾಸಕೋಶದಲ್ಲಿ ಗುಳಿ ಬಿದ್ದವರಲ್ಲಿ ರೋಗಾಣುಗಳು ಕೋಟಿಗಟ್ಟಲೆ ಇರುತ್ತವೆ. ಹಾಗಾಗಿ ಒಂದೇ ಔಷಧ ಕೊಟ್ಟರೆ ಉಳಿದವೆಲ್ಲ ಸತ್ತು ಆ ಒಂದೆರಡು ಉಳಿಯುತ್ತವೆ, ಆಮೇಲೆ ಅವುಗಳದ್ದೇ ಸಂಸಾರ. ಎರಡೂ ಔಷಧಗಳಿಂದ ತಾನಾಗಿಯೇ ಪಾರಾಗುವಂಥದ್ದು ಬೇಕಂದರೆ 100 ಲಕ್ಷ ಕೋಟಿಗೆ ಒಂದು. ಅಷ್ಟು ರೋಗಾಣು ಯಾರ ಎದೆಯಲ್ಲೂ ಇರುವುದಿಲ್ಲ. ಮೊದಲ ಎರಡು ತಿಂಗಳು ನಾಲ್ಕು ಔಷಧ ಒಟ್ಟಿಗೆ ಕೊಡುವುದರ ಗುಟ್ಟು ಇದೇ. ಮಧ್ಯೆ ಬಿಟ್ಟು ಬಿಟ್ಟು ತಗೊಂಡರೆ, ಅಥವಾ ನಾಲ್ಕರಲ್ಲಿ ಒಂದೇ ಕೆಲಸ ಮಾಡುತ್ತಿದ್ದರೆ ಲೆಕ್ಕ ತಪ್ಪುತ್ತದೆ. ಐಸೋನಿಯಾಜಿಡ್, ರಿಫಾಂಪಿಸಿನ್ ಎರಡೂ ಕೆಲಸ ಮಾಡದಿದ್ದರೆ ಅದು ಎಂಡಿಆರ್.

ಇದನ್ನು ಶೆಡ್ಡಿನ ಹತ್ತಿರ ಹೇಗೆ ಹೇಳುವುದು ಅಂತ ಯೋಚಿಸುತ್ತಿದ್ದಾಗ ದಾರಿ ತೋರಿಸಿದ್ದು ಆ ಗೌಂಡಿ ಕಾಕಾನೇ. ಅವರದು ಊರಲ್ಲಿ ತೊಗರಿ ಹೊಲ. ‘ತೊಗರಿ ಕೀಡಿ ಹಂಗ ಅನ್ರಿ. ಮೊದಲ ಒಂದು ಎಣ್ಣಿ ಹೊಡದ್ರ ಸಾಯ್ತಿದ್ವು. ಈಗ ಎಷ್ಟು ಹೊಡದ್ರೂ ಬಗ್ಗವಲ್ಲವು.’ ಎಣ್ಣಿ ಅಂದರೆ ಕೀಟನಾಶಕ, ದಕ್ಷಿಣದವರು ತಪ್ಪು ತಿಳಿಯಬೇಡಿ. ಕಾಯಿಕೊರಕದ ಹುಳ ಹಲವು ಕೀಟನಾಶಕಗಳನ್ನು ಹೀಗೇ ಅರಗಿಸಿಕೊಂಡಿದೆ. ಕಲಬುರಗಿ ಕಡೆ ರೈತರು ಗಿಡ ಅಲ್ಲಾಡಿಸಿ, ಕೆಳಗೆ ಬಟ್ಟೆ ಹಿಡಿದು ಹುಳ ಉದುರಿಸುವುದೂ ಉಂಟು. ಅಲ್ಲಿ ಯಾರೂ ‘ನನ್ನ ಹೊಲಕ್ಕೆ ನಿರೋಧಕ ಶಕ್ತಿ ಬಂತು’ ಅನ್ನುವುದಿಲ್ಲ. ಬಗ್ಗದ್ದು ಹುಳ ಅಂತ ಎಲ್ಲರಿಗೂ ಗೊತ್ತು.

ಹಾಗಾಗಿ ‘ಔಷಧಕ್ಕೆ ಬಗ್ಗದ ಕ್ಷಯ’ ಅಂತ ಬರೆದೆ. ಈಗ ನನ್ನ ತಕರಾರುಗಳು.

ಒಂದು, ಆಡಿಯೊದಲ್ಲಿ ‘ಬಗ್ಗಲಿಲ್ಲ’ ಮತ್ತು ‘ಒಗ್ಗಲಿಲ್ಲ’ ಹತ್ತಿರ ಹತ್ತಿರ ಕೇಳಿಸುತ್ತವೆ. ಔಷಧ ಒಗ್ಗಲಿಲ್ಲ ಅಂದರೆ ವಾಂತಿ, ತುರಿಕೆ, ಕಣ್ಣು ಹಳದಿ. ಅದು ಮೈಯ ವಿಚಾರ. ಬಗ್ಗಲಿಲ್ಲ ಅಂದರೆ ರೋಗಾಣುವಿನ ವಿಚಾರ. ಎರಡಕ್ಕೂ ಡಾಕ್ಟರ್ ಮಾಡುವ ಕೆಲಸ ಬೇರೆ ಬೇರೆ. ಜೊತೆಗೆ ‘ಗುಳಿಗಿ ಮೈಗೆ ಹತ್ತಲಿಲ್ಲ’, ‘ಮದ್ದು ನಾಟಲಿಲ್ಲ’ ಅನ್ನುವ ಮಾತುಗಳೂ ಇವೆ. ಅವು ಸಹಜವಾಗಿ ಬಾಯಿಗೆ ಬರುತ್ತವೆ, ಆದರೆ ಮತ್ತೆ ಮೈಯ ಮೇಲೇ ಹೊರೆ ಹಾಕುತ್ತವೆ. ಮದ್ದು ಅನ್ನುವುದನ್ನೇ ನಾನು ಬಿಟ್ಟಿದ್ದೇನೆ. ಮುಂಬಯಿಯ ಉಡುಪಿ, ಮಂಗಳೂರು ಕಡೆಯವರಿಗೆ ಅದು ದಿನಬಳಕೆಯ ಪದ. ಬೇರೆ ಕಡೆ ‘ಮದ್ದು ಹಾಕಿದರು’ ಅಂದರೆ ಪೊಲೀಸ್ ಠಾಣೆಯ ಕಥೆ.

‘ಜಗ್ಗದ’ ಅಂತ ಮಾಡೋಣ ಅಂದರೆ, ‘ಯಾವುದಕ್ಕೂ ಜಗ್ಗದವನು’ ಅನ್ನುವಾಗ ಅದರಲ್ಲಿ ಒಂದು ಮೆಚ್ಚುಗೆ ಇದೆ. ಮೇಲಾಗಿ ಉತ್ತರದಲ್ಲಿ ಜಗ್ಗುವುದು ಅಂದರೆ ಎಳೆಯುವುದು, ಜಗ್ಗಿ ಅಂದರೆ ಬೇಕಾದಷ್ಟು. ‘ಮಣಿಯದ’ ಕೇಳಲು ಚೆನ್ನಾಗಿದೆ, ಆದರೆ ಶೆಡ್ಡಿನಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ.

ಇನ್ನೊಂದು ತಕರಾರು ಇದಕ್ಕಿಂತ ದೊಡ್ಡದು. ‘ಔಷಧಕ್ಕೆ ಬಗ್ಗದ’ ಅಂದರೆ ಔಷಧವೇ ಇಲ್ಲ, ಮುಗೀತು ಅಂತ ಕೇಳಿಸುತ್ತದಾ? ಈ ಹೆದರಿಕೆ ನನ್ನ ಕಲ್ಪನೆಯಲ್ಲ. ಮುಂಬಯಿಯ ಹಿಂದೂಜಾ ಆಸ್ಪತ್ರೆಯ ವೈದ್ಯರು 2011ರ ಕೊನೆಗೆ ನಾಲ್ವರು ರೋಗಿಗಳ ಬಗ್ಗೆ ಬರೆದಾಗ ‘ಟೋಟಲಿ ಡ್ರಗ್ ರೆಸಿಸ್ಟೆಂಟ್’, ಅಂದರೆ ಯಾವ ಔಷಧಕ್ಕೂ ಬಗ್ಗದ್ದು, ಅನ್ನುವ ಹೆಸರು ಬಳಸಿದರು. 2012ರ ಜನವರಿಯಲ್ಲಿ ಅದು ಎಲ್ಲ ಪೇಪರುಗಳಲ್ಲಿ ಬಂತು, ದೊಡ್ಡ ಗದ್ದಲವಾಯಿತು. ಆ ಹೆಸರನ್ನು ಸರಕಾರವೂ ಒಪ್ಪಲಿಲ್ಲ, ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಲಿಲ್ಲ. ಕೆಲವು ಔಷಧಗಳಿಗೆ ಲ್ಯಾಬ್ ಪರೀಕ್ಷೆಯನ್ನೇ ಪೂರ್ತಿ ನಂಬುವಂತಿಲ್ಲ, ಹೊಸ ಔಷಧಗಳೂ ಬರುತ್ತಿವೆ, ಅಂಥದ್ದರಲ್ಲಿ ‘ಸಂಪೂರ್ಣ’ ಅನ್ನುವುದು ಹೇಗೆ ಅನ್ನುವುದು ವಾದ. ವೈದ್ಯರು ಎಚ್ಚರಿಸಿದ್ದು ಸರಿಯೇ, ಅವರು ಹೇಳಿದ ಕಷ್ಟ ನಿಜವಾದದ್ದು. ಹೆಸರು ಮಾತ್ರ ಬಾಳಲಿಲ್ಲ. ಅದೇ 2012ರ ಡಿಸೆಂಬರಿನಲ್ಲಿ ಟಿಬಿಯ ಹೊಸ ಔಷಧ ಬೆಡಾಕ್ವಿಲಿನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇಂಥ ಹೆಸರುಗಳು ಔಷಧದ ಪಟ್ಟಿಯ ಜೊತೆ ಬದಲಾಗುತ್ತವೆ. ಎಕ್ಸ್‌ಡಿಆರ್ (ಎಂಡಿಆರ್‌ಗಿಂತಲೂ ಹೆಚ್ಚು ಔಷಧಗಳಿಗೆ ಬಗ್ಗದ ಟಿಬಿ) ಅನ್ನುವುದರ ಅರ್ಥವನ್ನೂ 2021ರಲ್ಲಿ ತಿದ್ದಿದ್ದಾರೆ.

ಈಗಂತೂ ಎಂಡಿಆರ್ ಅಂದರೆ ಮುಗೀತು ಅನ್ನುವ ಹಾಗೇ ಇಲ್ಲ. ಬೆಡಾಕ್ವಿಲಿನ್, ಪ್ರೆಟೊಮ್ಯಾನಿಡ್, ಲಿನೆಜೊಲಿಡ್, ಮಾಕ್ಸಿಫ್ಲಾಕ್ಸಸಿನ್ ಸೇರಿದ ಆರು ತಿಂಗಳ ಚಿಕಿತ್ಸೆಗೆ ನಮ್ಮ ಆರೋಗ್ಯ ಸಚಿವಾಲಯ 2024ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಕೊಟ್ಟಿದೆ. ಬೆಲಾರುಸ್, ದಕ್ಷಿಣ ಆಫ್ರಿಕಾ, ಉಜ್ಬೇಕಿಸ್ತಾನಗಳಲ್ಲಿ ನಡೆದ ಪ್ರಯೋಗದಲ್ಲಿ ಇದರಿಂದ ಒಳ್ಳೆಯ ಫಲ ಕಂಡವರು ನೂರಕ್ಕೆ 89, ಹಳೆಯ ಚಿಕಿತ್ಸೆಯಲ್ಲಿ 52. ಹಳೆಯದು ಕೆಲವರಿಗೆ 20 ತಿಂಗಳವರೆಗೂ ಎಳೆಯುತ್ತಿತ್ತು. ಅದರ ಇಂಜೆಕ್ಷನ್ನಿನಿಂದ ಕಿವಿ ಹೋದವರಿದ್ದಾರೆ. ಹೊಸದು ಪೂರಾ ಗುಳಿಗೆಯೇ. ಬೆಡಾಕ್ವಿಲಿನ್‌ಗೂ ಬಗ್ಗದ ರೋಗಾಣು ಆಗಲೇ ಕಾಣಿಸಿಕೊಂಡಿದೆ, ಆದರೆ ಅದನ್ನು ಕರಪತ್ರದಲ್ಲಿ ಹಾಕುವುದಿಲ್ಲ.

ಆದ್ದರಿಂದ ಸದ್ಯಕ್ಕೆ ನಾನು ಬರೆದಿರುವುದು: ‘ಮೊದಲಿನ ಗುಳಿಗೆಗೆ ಬಗ್ಗದ ಟಿಬಿ. ಇದಕ್ಕೆ ಬೇರೆ ಗುಳಿಗೆ ಇದೆ.’ ‘ಮೊದಲಿನ’ ಅಂತ ಸೇರಿಸಿದರೆ ಎರಡು ಕೆಲಸ ಆಗುತ್ತದೆ. ಹೆದರಿಕೆ ಕಡಿಮೆಯಾಗುತ್ತದೆ. ರಿಫಾಂಪಿಸಿನ್ ಕೆಲಸ ಮಾಡುತ್ತದಾ ಇಲ್ವಾ ಅಂತ ಮೊದಲೇ ನೋಡುವ ಸಿಬಿನ್ಯಾಟ್, ಟ್ರೂನ್ಯಾಟ್ ಪರೀಕ್ಷೆ ಯಾಕೆ ಬೇಕು ಅನ್ನುವುದೂ ಸುಲಭವಾಗಿ ಹೇಳಲು ಬರುತ್ತದೆ. ಈ ಟ್ರೂನ್ಯಾಟ್ ಹುಟ್ಟಿದ್ದು ಬೆಂಗಳೂರಿನ ಲ್ಯಾಬಿನಲ್ಲಿ, ಅದನ್ನು ಮಾಡುವ ಕಂಪನಿ ಗೋವಾದ್ದು. ಕೊಂಕಣಿ, ಕನ್ನಡ ಎರಡಕ್ಕೂ ಹೆಸರು ಇಡುವ ಅವಕಾಶವಿತ್ತು, ತಪ್ಪಿಹೋಯಿತು.

ಹೆಸರಿನ ಮಾತು ಬಂತು ಅಂತ ಒಂದು ಅಡ್ಡಮಾತು. ನಾನಿರುವ ಪಿಂಪ್ರಿಯಲ್ಲಿ ರಿಕ್ಷಾದವರಿಗೆ ‘ಎಚ್‌ಎ ಕಂಪನಿ’ ಅಂದರೆ ಸಾಕು. ಹಿಂದುಸ್ತಾನ್ ಆಂಟಿಬಯಾಟಿಕ್ಸ್, 1954ರಲ್ಲಿ ಶುರುವಾಗಿ ದೇಶಕ್ಕೆ ಪೆನ್ಸಿಲಿನ್ ಕೊಟ್ಟದ್ದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಮಾಡಿದ್ದ ಎಂ. ಜೆ. ತಿರುಮಲಾಚಾರ್ ಇಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದರು. ಅವರು ಹುಡುಕಿದ ಶಿಲೀಂಧ್ರದ ಔಷಧಕ್ಕೆ ಹ್ಯಾಮೈಸಿನ್ ಅಂತ ಹೆಸರಿಟ್ಟರು. ಆ ‘ಹ್ಯಾ’ ಎಚ್‌ಎ ಕಂಪನಿಯದೇ.

ಇನ್ನು ನಿಮ್ಮಲ್ಲಿ ವಿಜ್ಞಾನ ಬರೆಯುವವರಿಗೆ ಬೇರೆಯದೇ ಪ್ರಶ್ನೆ. ಕರಪತ್ರಕ್ಕೆ ಬೇಡ, ಲೇಖನಗಳಿಗೆ ಬೇಕು. ರೆಸಿಸ್ಟೆನ್ಸ್ ಒಂದು, ಪರ್ಸಿಸ್ಟೆನ್ಸ್ ಇನ್ನೊಂದು. ಪರ್ಸಿಸ್ಟೆನ್ಸ್ ಅಂದರೆ ಹೀಗೆ: ಕೆಲವು ರೋಗಾಣುಗಳ ಜೀನ್ ಬದಲಾಗಿರುವುದಿಲ್ಲ. ಸುಮ್ಮನೆ ಬೆಳೆಯುವುದನ್ನು ನಿಲ್ಲಿಸಿ, ಅಲ್ಲಾಡದೆ ಕೂತಿರುತ್ತವೆ. ಬೆಳೆಯುವಾಗ ಹೊಡೆಯುವ ಔಷಧ ಇವನ್ನು ಸವರಿ ಹೋಗುತ್ತದೆ. ಔಷಧ ನಿಂತ ಮೇಲೆ ಎದ್ದು ಬೆಳೆಯುತ್ತವೆ, ಅವುಗಳ ಮಕ್ಕಳು ಅದೇ ಔಷಧಕ್ಕೆ ಮತ್ತೆ ಸಾಯುತ್ತವೆ. ಬ್ಯಾಕ್ಟೀರಿಯಾ ವಿಜ್ಞಾನಿ ಜೋಸೆಫ್ ಬಿಗ್ಗರ್ ಪೆನ್ಸಿಲಿನ್ ವಿಚಾರದಲ್ಲಿ ಇದನ್ನು ಗುರುತಿಸಿ 1944ರಲ್ಲಿ ‘ಪರ್ಸಿಸ್ಟರ್’ ಅಂತ ಕರೆದರು. ಟಿಬಿ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯಲು ಇಂಥವೂ ಕಾರಣ. ಇವಕ್ಕೂ ‘ನಿರೋಧಕ’ ಅಂತ ಬರೆದವರನ್ನು ನೋಡಿದ್ದೇನೆ. ಅದು ಸರಿಯಲ್ಲ, ಇವು ತಡೆಯುತ್ತಿಲ್ಲ, ಅಡಗಿವೆ. ‘ಅಡಗುಕೋರ’ ಅಂತ ಹೊಳೆದಿತ್ತು, ಸ್ವಲ್ಪ ಸಿನಿಮಾ ಹೆಸರಿನ ಹಾಗಾಯಿತು. ‘ಹೊಂಚುರೋಗಾಣು’? ಹೊಂಚು ಅಂದರೆ ಉದ್ದೇಶ ಬರುತ್ತದೆ, ಪಾಪ ಅವಕ್ಕೆ ಉದ್ದೇಶವೆಲ್ಲಿಯದು.

ಕಲಬುರಗಿ, ಯಾದಗಿರಿ, ವಿಜಯಪುರದವರು ದಯವಿಟ್ಟು ಹೇಳಿ: ನಿಮ್ಮಲ್ಲಿ ಟಿಬಿ ಗುಳಿಗೆ ಕೆಲಸ ಮಾಡದಿದ್ದಾಗ ಮನೆಯಲ್ಲಿ ಏನಂತಾರೆ? ‘ಬಗ್ಗವಲ್ಲದು’ ಅನ್ನುವುದು ಜಡ್ಡಿಗೂ ಬರುತ್ತದೋ, ಬರೀ ಹುಳಕ್ಕೋ? ಮುಂಬಯಿಯ ಶಿವಡಿ, ಗೋವಂಡಿ ಕಡೆ ಕೆಲಸ ಮಾಡುವವರು ಕನ್ನಡದ ರೋಗಿಗಳು ‘ಎಂಡಿಆರ್’ ಅನ್ನುವುದನ್ನೇ ಹಾಗೇ ಬಳಸುತ್ತಾರೋ ಅಂತಲೂ ತಿಳಿಸಿ. ಹಾಗಿದ್ದರೆ ಕರಪತ್ರದ ತಲೆಬರಹದಲ್ಲಿ ಎಂಡಿಆರ್ ಅಂತಲೇ ಇಟ್ಟು, ಕೆಳಗೆ ನಮ್ಮ ಮಾತಿನಲ್ಲಿ ಬಿಡಿಸಿ ಹೇಳುತ್ತೇನೆ. ಆಡಿಯೊ ಇನ್ನೂ ರೆಕಾರ್ಡ್ ಆಗಿಲ್ಲ. ಆ ಗೌಂಡಿ ಕಾಕಾನ ಧ್ವನಿಯಲ್ಲೇ ಮಾಡಿಸೋಣ ಅಂತಿದೆ, ಅವರು ಒಪ್ಪಿದರೆ.