ಹೂಳೆತ್ತುವ ಹಡಗು ಬಂದಾಗ ಬಂದರಿನವರನ್ನು ಏನು ಕೇಳಬೇಕು? – ಬಂದರು ಪರಿಸರ ತಜ್ಞೆಯ ಜೊತೆ ಪ್ರಶ್ನೋತ್ತರ

ಪ್ರಶ್ನೆ (ನಾಡದೋಣಿ ಮೀನುಗಾರರು, ಉತ್ತರ ಕನ್ನಡ):
ನಮಸ್ಕಾರ ಮೇಡಂ. ನಮ್ಮೂರ ಪಕ್ಕ ಒಂದು ಬಂದರಿದೆ. ಮಳೆಗಾಲ ಮುಗಿದ ಕೂಡಲೇ ಹೂಳು ತೆಗೆಯುವ ಹಡಗು ಬರುತ್ತದೆ. ಆಮೇಲೆ ಎಷ್ಟೋ ದಿನ ನೀರೆಲ್ಲ ರಾಡಿ. ಬಲೆ ಎತ್ತಿದರೆ ಕೆಸರೇ ಮೆತ್ತಿಕೊಂಡು ಬರುತ್ತದೆ. ಕೇಳಿದರೆ, ‘ಮಳೆಗಾಲದಲ್ಲೂ ಕೆಸರು ಇರುತ್ತಲ್ಲ’ ಅನ್ನುತ್ತಾರೆ. ಬಂದರು ಮುಚ್ಚಿ ಅಂತ ನಾವು ಹೇಳುತ್ತಿಲ್ಲ, ನನ್ನ ಮಗನೇ ಅಲ್ಲಿ ಲಾರಿ ಓಡಿಸುತ್ತಾನೆ. ಇದಕ್ಕೇನಾದರೂ ದಾರಿ ಇದೆಯಾ?

ಉತ್ತರ:
ಅಣ್ಣಾ, ದಾರಿ ಇದೆ. ಮೊದಲು ಅವರು ಹೇಳಿದ ಮಾತನ್ನೇ ನೋಡೋಣ. ಮಳೆಗಾಲದಲ್ಲಿ ಹೊಳೆಗಳು ಮಣ್ಣು ತಂದು ಸುರಿಯುತ್ತವೆ, ಅದು ನಿಜ. ನಮ್ಮ ಕಡಲಿನ ಮೀನು, ಬಳಚು (ಚಿಪ್ಪುಮೀನು) ಎಲ್ಲ ಅದಕ್ಕೆ ಒಗ್ಗಿಕೊಂಡಿವೆ. ಆದರೆ ಮಳೆ ನಿಂತ ಮೇಲೆ ನೀರು ತಿಳಿಯಾಗಬೇಕು. ತಿಳಿಯಾಗುವ ಹೊತ್ತಿಗೆ ಮತ್ತೆ ಕಲಕಿದರೆ ಮೇಲೆದ್ದ ಹೂಳು ಬಳಚಿನ ಕಿವಿರಿಗೆ ಕಟ್ಟುತ್ತದೆ, ತಳದಲ್ಲಿರುವ ಮೊಟ್ಟೆಗಳ ಮೇಲೆ ಕೂರುತ್ತದೆ. ಮಳೆಗಾಲದ ಅಲೆಯಲ್ಲಿ ಡ್ರೆಜ್ಜರ್, ಅಂದರೆ ಹೂಳು ತೆಗೆಯುವ ಹಡಗು, ಕೆಲಸ ಮಾಡುವುದು ಕಷ್ಟ, ಹಾಗಾಗಿ ಅದು ಮಳೆ ಮುಗಿದ ಮೇಲೆಯೇ ಬರುತ್ತದೆ. ಜುಲೈ 31ಕ್ಕೆ ಯಾಂತ್ರಿಕ ದೋಣಿಗಳ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು, ಮೀನುಗಾರಿಕೆ ಸೀಸನ್ ಏರುವ ಸಮಯವೂ ಅದೇ. ಜಗಳ ಹುಟ್ಟುವುದೇ ಇಲ್ಲಿ.

ಈಗ ಡ್ರೆಜ್ಜರ್ ಮೇಲೆ ಏನಾಗುತ್ತದೆ ಹೇಳುತ್ತೇನೆ. ನಾನು ಅದರ ಮೇಲೆ ನಿಂತು ನೋಡಿದ್ದೇನೆ. ದಪ್ಪ ಪೈಪಿನ ಬಾಯಿ ತಳದ ಮೇಲೆ ಎಳೆದುಕೊಂಡು ಹೋಗುತ್ತಾ ಮಣ್ಣು, ನೀರು ಎರಡನ್ನೂ ಹೀರುತ್ತದೆ. ಹಡಗಿನ ಹೊಟ್ಟೆ ತುಂಬುತ್ತದೆ. ತುಂಬಿದ ಮೇಲೂ ಹೀರುತ್ತಲೇ ಇರುತ್ತಾರೆ. ಭಾರದ ಮಣ್ಣು ಕೆಳಗೆ ಕೂರುತ್ತದೆ, ಮೇಲಿನ ರಾಡಿ ನೀರು ಹೊರಗೆ ಚೆಲ್ಲುತ್ತದೆ. ಇದಕ್ಕೆ ಓವರ್‌ಫ್ಲೋ ಅನ್ನುತ್ತಾರೆ. ನೀವು ನೋಡುವ ರಾಡಿಯಲ್ಲಿ ದೊಡ್ಡ ಪಾಲು ಇದೇ. ಹೊಟ್ಟೆ ತುಂಬಿದ ಕೂಡಲೇ ಪಂಪ್ ನಿಲ್ಲಿಸಿದರೆ ರಾಡಿ ತುಂಬಾ ಕಡಿಮೆ. ಆದರೆ ಆಗ ಟ್ರಿಪ್ ಜಾಸ್ತಿ, ಡೀಸೆಲ್ ಜಾಸ್ತಿ, ಬಾಡಿಗೆ ದಿನ ಜಾಸ್ತಿ. ಕಾಗದದ ಮೇಲೆ ಷರತ್ತು ಇಲ್ಲದಿದ್ದರೆ ಇಷ್ಟು ಖರ್ಚನ್ನು ಯಾರೂ ತಾವಾಗಿ ಮೈಮೇಲೆ ಎಳೆದುಕೊಳ್ಳುವುದಿಲ್ಲ.

ಇನ್ನೊಂದು, ಹೂಳು ಸುರಿಯುವ ಜಾಗ. ಕಡಲಲ್ಲಿ ಅದಕ್ಕೊಂದು ಗೊತ್ತುಮಾಡಿದ ಜಾಗ ಇರುತ್ತದೆ. ಅಲ್ಲಿಗೆ ಹೋಗಿ ಹಡಗಿನ ತಳದ ಬಾಗಿಲು ತೆರೆಯಬೇಕು. ಅರ್ಧ ದಾರಿಯಲ್ಲೇ ತೆರೆದರೆ ಸಮಯ ಉಳಿಯುತ್ತದೆ, ಮಣ್ಣು ನಿಮ್ಮ ಬಲೆಗೆ ಬರುತ್ತದೆ. ಬಾಗಿಲು ಎಲ್ಲಿ, ಎಷ್ಟು ಗಂಟೆಗೆ ತೆರೆಯಿತು ಎಂಬುದನ್ನು ಜಿಪಿಎಸ್ ಜೊತೆ ದಾಖಲಿಸಬಹುದು. ಆ ದಾಖಲೆಯನ್ನೇ ಕೇಳಿ. ಅಳಿವೆಯ (ಹೊಳೆ ಕಡಲು ಸೇರುವ ಜಾಗ) ಹತ್ತಿರದ ಕೆಲಸವನ್ನು ಇಳಿತದ ಹೊತ್ತಿನಲ್ಲಿ ಮಾಡಿ ಅಂತಲೂ ಕೇಳಿ. ಭರತದಲ್ಲಿ ಮಾಡಿದರೆ ರಾಡಿಯೆಲ್ಲ ಹೊಳೆಯೊಳಗೆ, ಬಳಚಿನ ಮೇಲೆ ಹೋಗುತ್ತದೆ.

ಯಾವ ಆಧಾರದ ಮೇಲೆ ಕೇಳುವುದು ಅಂದಿರಾ? ಬಂದರಿಗೆ ಪರಿಸರ ಅನುಮತಿ ಪತ್ರ ಇದ್ದರೆ ಅದರಲ್ಲಿ ಷರತ್ತುಗಳಿರುತ್ತವೆ. 2006ರ ಪರಿಸರ ಪರಿಣಾಮ ಮೌಲ್ಯಮಾಪನ (ಇಐಎ) ಅಧಿಸೂಚನೆ ಪ್ರಕಾರ, ಷರತ್ತು ಪಾಲಿಸಿದ್ದೇವೆ ಎಂಬ ವರದಿಯನ್ನು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಕೊಡಬೇಕು. ಆ ವರದಿ ಸಾರ್ವಜನಿಕ ದಾಖಲೆ. ಮುಚ್ಚಿಡುವಂತಿಲ್ಲ. ಷರತ್ತಿನ ಪತ್ರ ಒಂದು ಕೈಯಲ್ಲಿ, ವರದಿ ಇನ್ನೊಂದು ಕೈಯಲ್ಲಿ ಹಿಡಿದು ಓದಿ. ಬಾಯಿಮಾತಿನ ದೂರಿಗಿಂತ ಅದಕ್ಕೆ ತೂಕ ಜಾಸ್ತಿ.

ಪ್ರಶ್ನೆ (ಕಾಲೇಜು ವಿದ್ಯಾರ್ಥಿನಿ, ಮಂಗಳೂರು):
ಮೇಡಂ, ಕೆಸರು ಕಣ್ಣಿಗೆ ಕಾಣುತ್ತದೆ. ಹಡಗುಗಳು ತರುವ ಬ್ಯಾಲಸ್ಟ್ ನೀರು ಅಷ್ಟೊಂದು ಅಪಾಯವಾ?

ಉತ್ತರ:
ಹೌದಮ್ಮಾ, ನನಗೆ ಜಾಸ್ತಿ ಭಯ ಅದರದ್ದೇ. ಖಾಲಿ ಹಡಗು ಅಲೆಯಲ್ಲಿ ವಾಲದಿರಲಿ ಅಂತ ಟ್ಯಾಂಕ್‌ಗೆ ಒಂದು ದೇಶದ ಕಡಲ ನೀರು ತುಂಬಿಕೊಳ್ಳುತ್ತದೆ. ಇಲ್ಲಿ ಸರಕು ತುಂಬುವಾಗ ಅದನ್ನು ಹೊರಗೆ ಬಿಡುತ್ತದೆ. ನೀರಿನ ಜೊತೆ ಅಲ್ಲಿನ ಕಡಲಜೀವಿಗಳ ಮರಿಗಳೂ ಬರುತ್ತವೆ. ಕೇರಳದ ಅಷ್ಟಮುಡಿ ಹಿನ್ನೀರು ನೋಡಿ. ಅಮೆರಿಕ ಖಂಡದ ‘ಚಾರು’ ಎಂಬ ಚಿಪ್ಪುಜೀವಿ ಅಲ್ಲಿ ಹಬ್ಬಿ, ಸ್ಥಳೀಯ ಚಿಪ್ಪುಗಳ ಜಾಗ ಕಿತ್ತುಕೊಂಡಿದೆ. ಅದು ಹಡಗುಗಳ ಮೂಲಕವೇ ಬಂದಿರಬೇಕು ಎಂಬುದು ವಿಜ್ಞಾನಿಗಳ ಅಂದಾಜು. ಚೆಲ್ಲಿದ ಎಣ್ಣೆಯನ್ನು ಸ್ವಲ್ಪವಾದರೂ ಬಾಚಬಹುದು. ಬೇರೂರಿದ ಜೀವಿಯನ್ನು ವಾಪಸ್ ಕಳಿಸಲು ಆಗುವುದಿಲ್ಲ.

ಇದಕ್ಕೊಂದು ಅಂತರರಾಷ್ಟ್ರೀಯ ಒಪ್ಪಂದ 2017ರ ಸೆಪ್ಟೆಂಬರ್ 8ರಂದು ಜಾರಿಗೆ ಬಂತು. ಅದರ ಪ್ರಕಾರ ಹಡಗಿನಲ್ಲೇ ನೀರು ಶುದ್ಧಮಾಡಿ ಬಿಡಬೇಕು. ಬಿಡುವ ಒಂದು ಘನ ಮೀಟರ್ ನೀರಿನಲ್ಲಿ 50 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಅಥವಾ ಅದಕ್ಕಿಂತ ದೊಡ್ಡ ಜೀವಂತ ಜೀವಿಗಳು 10ಕ್ಕಿಂತ ಕಡಿಮೆ ಇರಬೇಕು. ಯಂತ್ರ ಇದ್ದರೆ ಸಾಲದು, ಬಂದರಿನಲ್ಲಿ ನೀರಿನ ಸ್ಯಾಂಪಲ್ ತೆಗೆದು ನೋಡುವವರು ಬೇಕು. ನೀವು ಜೀವಶಾಸ್ತ್ರ ಓದುತ್ತಿದ್ದರೆ ದಯವಿಟ್ಟು ಈ ಕಡೆ ಬನ್ನಿ.

ಪ್ರಶ್ನೆ (ಹೊನ್ನಾವರ ಕಡೆಯವರು):
ಬಂದರು ಇದ್ದರೂ ಕಡಲಾಮೆ ಉಳಿಯುತ್ತದಾ?

ಉತ್ತರ:
ಮೊಟ್ಟೆ ಇಡುವ ಮರಳಿನ ಮೇಲೆಯೇ ಕಟ್ಟಿದರೆ ಉಳಿಯುವುದಿಲ್ಲ, ಅದನ್ನು ನೇರವಾಗಿ ಹೇಳುತ್ತೇನೆ. ದೂರ ಇದ್ದರೆ ಮಾಡಬಹುದಾದದ್ದು ಇದೆ. ಒಡಿಶಾದ ಧಾಮ್ರಾ ಬಂದರು ಗಹಿರ್‌ಮಾಥಾ ಕಡಲಾಮೆ ಅಭಯಾರಣ್ಯಕ್ಕೆ ಹತ್ತಿರ. ಅಲ್ಲಿ ಡ್ರೆಜ್ಜರ್ ಪೈಪಿನ ಬಾಯಿಗೆ ಆಮೆಯನ್ನು ಪಕ್ಕಕ್ಕೆ ತಳ್ಳುವ ಚೌಕಟ್ಟು ಕಟ್ಟಿದರು. ದೀಪಗಳ ಬೆಳಕು ಕಡಲಿನ ಕಡೆ ಚೆಲ್ಲದಂತೆ ಮಾಡುವ ಯೋಜನೆಯೂ ಇತ್ತು. ಮರಿ ಆಮೆ ಬೆಳಕಿದ್ದ ಕಡೆಗೇ ಓಡುತ್ತದೆ ನೋಡಿ.

ಮತ್ತೆ ಮೊದಲು ಕೇಳಿದ ನಾಡದೋಣಿ ಮೀನುಗಾರರು:
ಮೇಡಂ, ರಾಡಿ ಎಷ್ಟಿದೆ ಅಂತ ನಾವೇ ಅಳೆಯಬಹುದಾ?

ಉತ್ತರ:
ಖಂಡಿತ. ಒಂದು ಬಿಳಿ ತಟ್ಟೆಗೆ ಭಾರ ಕಟ್ಟಿ, ಹಿಗ್ಗದ ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ. ನೀರಿಗೆ ಇಳಿಸಿ. ಎಷ್ಟನೇ ಗಂಟಿಗೆ ತಟ್ಟೆ ಕಾಣದಾಯಿತು ಅಂತ ಬರೆದಿಡಿ. ಡ್ರೆಜ್ಜರ್ ಬರುವ ಒಂದು ತಿಂಗಳು ಮೊದಲೇ ಶುರು ಮಾಡಿ, ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ. ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರ ಒಳಗೆ, ಅದೇ ಜಾಗದಲ್ಲಿ, ದೋಣಿಯ ನೆರಳು ಬೀಳುವ ಬದಿಯಲ್ಲಿ ಇಳಿಸಿ. ಭರತವೋ ಇಳಿತವೋ ಅದನ್ನೂ ಪಕ್ಕದಲ್ಲೇ ಬರೆಯಿರಿ.